ಬಿಟ್ಟಿ ಬಂದ ಪ್ರೊಸೆಸರಿಗೆ ಬೋರ್ಡು ಹುಡುಕಿದ್ದು

ಬೀದಿಯವರೆಲ್ಲ ಆಕೆಯನ್ನು ಕಾಜ ಅಕ್ಕ ಎಂದೇ ಕರೆಯುತ್ತಿದ್ದರು. ಸುತ್ತಲಿನ ದರ್ಜಿ ಅಂಗಡಿಗಳಲ್ಲಿ ಹೊಲಿದ ಅಂಗಿಗಳು ಗಂಟು ಕಟ್ಟಿಸಿಕೊಂಡು ಆಕೆಯ ಮನೆಗೆ ಬರುತ್ತಿದ್ದವು. ಗುಂಡಿ ತೂರುವ ಸೀಳಿನ ಸುತ್ತ ದಾರ ಹೆಣೆದು ಕಾಜ ಮಾಡುವುದು, ಎದುರಿಗೆ ಗುಂಡಿ ಹಚ್ಚುವುದು ಆಕೆಯ ಕಸುಬು. ಗಂಡ ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದ. ಕತ್ತಲಲ್ಲೇ ಎದ್ದು ಹೋಗಿ ಮಧ್ಯಾಹ್ನ ಬಂದು ಮಲಗುತ್ತಿದ್ದ. ಅವನ ಗೊರಕೆಯ ತಾಳಕ್ಕೆ ಸೂಜಿ ಹಾಕಿದರೆ ಕೆಲಸ ಬೇಗ ಸಾಗುತ್ತದೆ ಎಂದು ಆಕೆ ನಗುತ್ತಿದ್ದಳು.

ಐವತ್ತರ ಹತ್ತಿರ ಬಂದಾಗ ಕಣ್ಣು ಕೈಕೊಟ್ಟಿತು. ಬೀದಿಯ ಆ ತುದಿಯಲ್ಲಿ ಬರುವವರು ಯಾರೆಂದು ಹೇಳಬಲ್ಲವಳಿಗೆ, ಮಡಿಲಲ್ಲಿದ್ದ ಅಂಗಿ ಕನ್ನಡಕ ಹಾಕಿದರೂ ಮಸುಕು. ಕನ್ನಡಕದಿಂದ ಆಗುವುದು ಇಷ್ಟೇ, ಸಣ್ಣ ಕೆಲಸ ಕಡಿಮೆ ಮಾಡಿ ಎಂದರು ಡಾಕ್ಟರು. ಒಮ್ಮೆ ಕಪ್ಪು ಕೋಟಿನ ಕಾಜವೊಂದು ಅದರ ಗುಂಡಿಗಿಂತ ಬೆರಳಗಲ ಕೆಳಗೆ ಬಿತ್ತು. ದರ್ಜಿ ಬಯ್ಯಲಿಲ್ಲ. ಅವತ್ತಿನಿಂದ ಕಪ್ಪು ಬಟ್ಟೆ ಕಳಿಸುವುದನ್ನು ನಿಲ್ಲಿಸಿದ, ಅಷ್ಟೆ.

“ನಾಲ್ಕು ಮಾತು ಬೈದಿದ್ರೆ ವಾಸಿಯಿತ್ತು ಕಣ್ರೀ,” ಎಂದಳು ಗಂಡನಿಗೆ.

ಯಂತ್ರದಲ್ಲಿ ಕಸೂತಿ ಹಾಕುವ ಒಂದು ಸಣ್ಣ ಕಾರ್ಖಾನೆ ಹತ್ತಿರದಲ್ಲೇ ಇತ್ತು. ಅಲ್ಲಿನ ಮೇಲ್ವಿಚಾರಕಿ ಒಂದು ಮಾತು ಹೇಳಿದಳು. ಹೂವು ಬಳ್ಳಿಗಳನ್ನು ಕಂಪ್ಯೂಟರಿನಲ್ಲಿ ಬರೆದುಕೊಡಲು ಜನ ಬೇಕು, ಕೆಲಸ ಮನೆಯಲ್ಲೇ ಮಾಡಬಹುದು, ಹೊಲಿಗೆ ಎತ್ತಲಿಂದ ಎತ್ತ ಓಡಬೇಕೆಂದು ಬಲ್ಲವರಾದರೆ ಉಳಿದದ್ದನ್ನು ತಾನೇ ಕಲಿಸುತ್ತೇನೆ ಎಂದಳು. ಪರದೆಯ ಮೇಲಿನ ಒಂದು ಎಲೆಯನ್ನು ಊಟದ ತಟ್ಟೆಯಷ್ಟು ಹಿಗ್ಗಿಸಿ ತೋರಿಸಿದಳು. ಬಹಳ ದಿನಗಳ ಮೇಲೆ ಕಾಜ ಅಕ್ಕನಿಗೆ ಒಂದೊಂದು ಎಳೆಯೂ ನಿಚ್ಚಳವಾಗಿ ಕಂಡಿತು. ಮನೆಗೆ ಬರುವಷ್ಟರಲ್ಲಿ ಕಂಪ್ಯೂಟರು ಮಾಡಿಸುವುದೆಂದು ಮನಸ್ಸು ಗಟ್ಟಿಯಾಗಿತ್ತು.

ಆಕೆಗೊಬ್ಬ ತಮ್ಮ. ವೈರಿಂಗ್ ಕೆಲಸದಲ್ಲಿ ಹೆಸರು ಮಾಡಿದ್ದವನಿಗೆ ಏಣಿಯಿಂದ ಬಿದ್ದ ಮೇಲೆ ಬಲಗೈ ನಡುಗತೊಡಗಿತು. ಈಗ ಒಂದು ಆಫೀಸಿನ ಸಾಮಾನು ಕೋಣೆಯ ಬೀಗದ ಕೈ ಅವನ ಬಳಿ ಇರುತ್ತದೆ. ಮೊದಲು ನಾಲ್ಕು ಜನರನ್ನು ನಗಿಸುತ್ತಿದ್ದವನು ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡು, ಕೇಳಿದ್ದಕ್ಕಷ್ಟೇ ಉತ್ತರ ಕೊಡುವವನಾಗಿದ್ದ. ಅಕ್ಕನ ಮಾತು ಕೇಳಿದ ವಾರದೊಳಗೆ ಅವನು ಹತ್ತಿಯಲ್ಲಿ ಸುತ್ತಿದ ಒಂದು ಪುಟ್ಟ ಡಬ್ಬಿ ತಂದ. ಒಳಗೆ ಬಿಸ್ಕತ್ತಿನಷ್ಟಗಲದ ಲೋಹದ ಬಿಲ್ಲೆ.

“ಪ್ರೊಸೆಸರ್ ಅಕ್ಕ. ಕಂಪ್ಯೂಟರಿಗೆ ಇದೇ ಮಿದುಳು. ಆಫೀಸಲ್ಲಿ ಹಳೇ ಮಷೀನೆಲ್ಲ ತೆಗೆದ್ರು, ಸಾಹೇಬ್ರನ್ನ ಕೇಳಿ ತಗೊಂಡೆ. ಆ ಕಾಲಕ್ಕೆ ಇದು ರಾಜ ಕಣೆ.”

ಬಿದ್ದ ಮೇಲೆ ಅವನು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಆಕೆಗೆ ಆ ಬಿಲ್ಲೆಗಿಂತ ಆ ಮಾತೇ ದೊಡ್ಡದಾಗಿ ಕಂಡಿತು.

ಒಂದೊಂದೇ ಸಾಮಾನು ಮನೆಗೆ ಬಂತು. ಮೊದಲು ಕಂಪ್ಯೂಟರಿನ ತಗಡಿನ ಡಬ್ಬ, ಆಮೇಲೆ ಕೀಬೋರ್ಡು, ಯಾರೋ ಮಾರಿದ ಅಗಲವಾದ ಪರದೆ. ಗಂಡ ಅವುಗಳನ್ನೆಲ್ಲ ಬ್ರೆಡ್ಡಿನ ಖಾಲಿ ತಟ್ಟೆಗಳಲ್ಲಿ ಜೋಡಿಸಿಟ್ಟ. ಕೊನೆಗೆ ಮದರ್‌ಬೋರ್ಡು ತರಲು ಆಕೆ ಪ್ರೊಸೆಸರಿನ ಡಬ್ಬಿ ಹಿಡಿದು ಅಂಗಡಿಗೆ ಹೋದಳು. ಉದ್ದನೆಯ ಓಣಿಯಂಥ ಅಂಗಡಿ, ಗೋಡೆ ಕಾಣದಂತೆ ರಟ್ಟಿನ ಪೆಟ್ಟಿಗೆಗಳು. ಅಂಗಡಿಯಾಕೆ ಕಿವಿಯ ಮೇಲೆ ಸ್ಕ್ರೂಡ್ರೈವರು ಸಿಕ್ಕಿಸಿಕೊಂಡಿದ್ದ ಚುರುಕು ಹೆಂಗಸು. ಡಬ್ಬಿ ತೆರೆದು ನೋಡಿ ತುಟಿ ಕಚ್ಚಿದಳು.

“ಅಕ್ಕಾ, ಇದಕ್ಕೆ ಕೂರೋ ಬೋರ್ಡು ಈಗ ಯಾರೂ ಮಾಡಲ್ಲ. ಹೊಸದಾಗಿ ಬರೋ ಅಗ್ಗದ ಬೋರ್ಡಲ್ಲಿ ಇದು ಕೂರಲ್ಲ, ಇದರ ಅಚ್ಚೇ ಬೇರೆ. ಉಳಿದಿರೋದು ಎಲ್ಲೋ ಒಂದೆರಡು, ಅದಕ್ಕೇ ಬೆಲೆ ಏರಿ ಕೂತಿದೆ.”

ಬೆಲೆ ಕೇಳಿ ಕಾಜ ಅಕ್ಕ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತಳು. ಮನೆಯಲ್ಲಿದ್ದ ಸಾಮಾನೆಲ್ಲ ಸೇರಿದರೂ ಅಷ್ಟು ಆಗಿರಲಿಲ್ಲ. “ಬೋರ್ಡು ಅಂದ್ರೆ ಹಲಗೆ ಅಲ್ವೇನಮ್ಮ? ಇವನ್ನೆಲ್ಲ ಅಂಟಿಸೋ ಹಲಗೆಗೆ ಇಷ್ಟಾ?”

“ಎಲ್ಲಾರೂ ಹಂಗೇ ಅಂದ್ಕೋತಾರೆ. ಮಿದುಳು ಬಿಟ್ಟಿ ಸಿಕ್ಕಿದ್ರೂ ಅದನ್ನ ಕೂರಿಸೋ ತಲೆ ಬೇಕಲ್ಲ. ನನ್ನ ಕೇಳಿದ್ರೆ ಇದನ್ನ ಎತ್ತಿಟ್ಟುಬಿಡಿ. ಇದಕ್ಕಿಂತ ಸಣ್ಣದು ಒಂದು ಪ್ರೊಸೆಸರು, ಅದಕ್ಕೊಪ್ಪೋ ಬೋರ್ಡು, ಎರಡೂ ಸೇರಿ ನಿಮ್ಮ ದುಡ್ಡಲ್ಲೇ ಮುಗಿಯುತ್ತೆ. ನಿಮ್ಮ ಕೆಲಸಕ್ಕೆ ಧಾರಾಳ ಸಾಕು.”

ಮಾತಿನಲ್ಲಿ ಮೋಸವಿರಲಿಲ್ಲ. ಆದರೆ ತಮ್ಮನಿಗೆ ಏನೆಂದು ಹೇಳುವುದು? ಮನೆಗೆ ಬಂದು ಗಂಡನ ಮುಂದೆ ತೋಡಿಕೊಂಡಳು.

“ಹೇಳ್ಬೇಡ,” ಎಂದ ಅವನು. “ಡಬ್ಬ ಮುಚ್ಚಿದ ಮೇಲೆ ಒಳಗೆ ಯಾರ ಮಿದುಳಿದೆ ಅಂತ ಯಾರು ನೋಡ್ತಾರೆ? ನನ್ನ ತಲೇಲಿ ಏನಿದೆ ಅಂತ ಇಷ್ಟು ವರ್ಷ ನೀನು ನೋಡಿದ್ದೀಯಾ?”

ಆಕೆಗೆ ನಗು ಬಂತು, ಒಪ್ಪಿಗೆಯಾಗಲಿಲ್ಲ. ಸುಳ್ಳು ಹೇಳಿದರೆ ಅವನು ಪ್ರತಿ ಸಲ ಬಂದಾಗಲೂ ಮುಖ ತಪ್ಪಿಸಬೇಕು. ನಿಜ ಹೇಳಿದರೆ ಅವನು ಇನ್ನಷ್ಟು ಮುದುಡುತ್ತಾನೆ. ಹಲವು ದಿನ ಹೊಟ್ಟೆಯಲ್ಲಿಟ್ಟುಕೊಂಡು ನರಳಿದಳು. ಕೊನೆಗೆ ಅವನೇ ಫೋನ್ ಮಾಡಿ ಕಂಪ್ಯೂಟರು ಶುರುವಾಯಿತಾ ಎಂದು ಕೇಳಿದಾಗ, ಮಾತು ತಾನಾಗಿ ಬಾಯಿಂದ ಜಾರಿತು: “ಇಲ್ಲ ಕಣೋ. ಬೋರ್ಡು ಸಿಗ್ತಿಲ್ಲ. ಸಿಕ್ಕಿರೋದಕ್ಕೆ ಬೆಲೆ ಜಾಸ್ತಿ. ನೀನೂ ಒಂದ್ಸಲ ಬಾ.”

ಇಬ್ಬರೂ ಪ್ರೊಸೆಸರಿನ ಡಬ್ಬಿ ಹಿಡಿದು ಅಂಗಡಿಗೆ ಹೋದರು. ಬೆಲೆ ಕೇಳಿ ತಮ್ಮ ಎಡಗೈಯಲ್ಲೇ ಡಬ್ಬಿಯ ಮುಚ್ಚಳ ಹಾಕಿದ. “ನಿನಗೆ ಉಪಕಾರ ಮಾಡೋಕೆ ಹೋಗಿ ಖರ್ಚು ತಂದಿಟ್ಟೆ ನೋಡು,” ಎಂದ. “ಬಿಟ್ಟುಬಿಡು ಅಕ್ಕ. ಇವರು ಹೇಳಿದ್ದನ್ನೇ ತಗೋ.”

ಆ ಧ್ವನಿ ಕೇಳಿ ಅಂಗಡಿಯಾಕೆಗೆ ಏನನ್ನಿಸಿತೋ, ಒಳಗಿನಿಂದ ಧೂಳು ಹಿಡಿದ ಒಂದು ಹಳೆಯ ಬೋರ್ಡು ತಂದಿಟ್ಟಳು. “ಇದು ನಿಮ್ಮ ಪ್ರೊಸೆಸರಿಗೆ ಆಗುತ್ತೆ. ಆದ್ರೆ ಅದು ಕೂರೋ ಜಾಗದಲ್ಲಿ ಮುಳ್ಳುಗಳು ಬಗ್ಗಿವೆ. ಸರಿಮಾಡೋಕೆ ನಂಗೆ ಪುರುಸೊತ್ತಿಲ್ಲ, ಬಗ್ಗಿದವು ಮುರಿದ್ರೆ ಅಲ್ಲಿಗೆ ಬೋರ್ಡೇ ಹೋಯ್ತು. ಗ್ಯಾರಂಟಿ ಕೊಡಲ್ಲ. ಬೇಕಾದ್ರೆ ಗುಜರಿ ಬೆಲೆಗೆ ತಗೊಳ್ಳಿ, ಇಲ್ಲೇ ಕೂತು ನೋಡಿ.”

ಚೌಕದೊಳಗೆ ಕೂದಲಿನಷ್ಟು ಸಣ್ಣ ಮುಳ್ಳುಗಳು ಸಾಲಾಗಿ ನಿಂತಿದ್ದವು, ಒಂದು ಮೂಲೆಯಲ್ಲಿ ಮಾತ್ರ ಗಾಳಿಗೆ ಒರಗಿದ ಹುಲ್ಲಿನಂತೆ ಮಲಗಿದ್ದವು. ತಮ್ಮನಿಗೆ ಎಲ್ಲವೂ ಕಾಣುತ್ತಿತ್ತು, ಆದರೆ ಜೇಬಿನಿಂದ ಕೈ ಹೊರಬರಲಿಲ್ಲ. ಅಕ್ಕನ ಕೈ ಕಲ್ಲಿನಂತೆ ನಿಲ್ಲುತ್ತಿತ್ತು. ಆದರೆ ಆಕೆಗೆ ಆ ಚೌಕವೆಲ್ಲ ಒಂದು ಬೂದಿ ಬಣ್ಣದ ಕಲೆ.

ಆಕೆ ಸೆರಗಿಗೆ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದಳು. “ನೀನು ನೋಡಿ ಹೇಳು. ನಾನು ತಳ್ತೀನಿ.”

“ಮುರಿದ್ರೆ?”

“ಮುರಿದ್ರೆ ಇಬ್ಬರೂ ಸೇರಿ ಮುರಿದ ಹಾಗಾಯ್ತು. ಹೇಳು.”

ಅಂಗಡಿಯಾಕೆ ಭೂತಗನ್ನಡಿ ಕೊಟ್ಟು, ದೀಪ ಹತ್ತಿರ ಸರಿಸಿದಳು. ತಮ್ಮ ಎಡಗೈಯಲ್ಲಿ ಕನ್ನಡಿ ಹಿಡಿದು ಬಗ್ಗಿದ. “ಬಲಕ್ಕೆ. ಇನ್ನೊಂಚೂರು. ಹಾಂ, ಮುಟ್ಟಿದೆ. ಈಗ ನಿನ್ನ ಕಡೆಗೆ ಎಳ್ಕೋ, ಮೆಲ್ಲಗೆ. ಸಾಕು.” ಆಕೆ ಉಸಿರು ಬಿಗಿಹಿಡಿದು, ಸೂಜಿಯ ತುದಿಗೆ ಸಿಕ್ಕುವ ತಡೆಯನ್ನಷ್ಟೇ ನಂಬಿ ತಳ್ಳಿದಳು. ಒಂದು ಮುಳ್ಳು ಎದ್ದು ನಿಂತಿತು, ಆಮೇಲೆ ಪಕ್ಕದ್ದು. ನಡುವೆ ಒಮ್ಮೆ ಅವನು ಎಡ ಎಂದದ್ದು ತನ್ನ ಎಡವೋ ಅವನ ಎಡವೋ ಎಂದು ಜಗಳವಾಯಿತು, ಚಿಕ್ಕಂದಿನಂತೆ. ಗಿರಾಕಿಗಳು ಬಂದು ಸುತ್ತ ನಿಂತಿದ್ದು ಅವರಿಗೆ ಗೊತ್ತಾಗಲಿಲ್ಲ.

ಅಂಗಡಿಯಾಕೆ ಪ್ರೊಸೆಸರನ್ನು ಕೂರಿಸಿ, ತನ್ನದೇ ಒಂದು ಮೆಮೊರಿ ಪಟ್ಟಿ ಹಾಕಿ, ಅಂಗಡಿಯ ಪರದೆಗೆ ತಂತಿ ಸಿಕ್ಕಿಸಿ ಗುಂಡಿ ಒತ್ತಿದಳು. ಫ್ಯಾನು ತಿರುಗಿತು, ಪರದೆ ಕಪ್ಪಗೇ ಉಳಿಯಿತು. ಮೆಮೊರಿ ಪಟ್ಟಿಯನ್ನು ಪಕ್ಕದ ಸೀಳಿಗೆ ಬದಲಿಸಿ ಮತ್ತೆ ಒತ್ತಿದಳು. ಬಿಳಿ ಅಕ್ಷರಗಳು ಮೂಡಿದವು.

“ಒಂದು ಸೀಳು ಸತ್ತಿದೆ,” ಎಂದಳು. “ಮಿಕ್ಕಿದ್ದು ಬದುಕಿದೆ. ಇಷ್ಟಾದ್ರೆ ಗೆದ್ರಿ.”

ಅಂಗಡಿಯಾಕೆಯೇ ಚಹಾ ತರಿಸಿದಳು. ಬಿದ್ದಾಗಿನಿಂದ ತಮ್ಮ ಹೊರಗಡೆ ಏನನ್ನೂ ಕುಡಿಯುತ್ತಿರಲಿಲ್ಲ. ಅವತ್ತು ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದ. ಅರ್ಧ ಅಂಗಿಯ ಮೇಲೆ ಚೆಲ್ಲಿತು. ಅವನು ಒರೆಸಿಕೊಳ್ಳುವ ಅವಸರ ತೋರಲಿಲ್ಲ.

ಕಂಪ್ಯೂಟರು ಚುರುಕೇನಲ್ಲ. ದೊಡ್ಡ ಚಿತ್ರ ತೆರೆಯಲು ಹೇಳಿ ಆಕೆ ಒಗ್ಗರಣೆ ಹಾಕಿ ಬರುತ್ತಾಳೆ. ಮಗುವಿನ ಅಂಗಿಗೆಂದು ಮೊದಲು ಬರೆದ ಬಾತುಕೋಳಿಯ ಕೊಕ್ಕು ಹೊಲಿದಾಗ ಸೌಟಿನಂತೆ ಬಂದು, ಮೇಲ್ವಿಚಾರಕಿ ಹಿಂದಕ್ಕೆ ಕಳಿಸಿದಳು. ಎರಡನೆಯದನ್ನೂ ತಿರುಗಿ ಕಳಿಸಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಹಿಂದಕ್ಕೆ ಬರುವುದು ನಿಂತು, ಕೆಲಸ ವಾರ ತಪ್ಪದೆ ಬರತೊಡಗಿತು. ದರ್ಜಿಗಳ ಅಂಗಿ ಗಂಟುಗಳನ್ನು ಆಕೆ ಒಂದೊಂದಾಗಿ ಬಿಟ್ಟಳು. ಬೀದಿಯವರು ಮಾತ್ರ ಹೆಸರು ಬದಲಿಸಲಿಲ್ಲ.

ತಮ್ಮ ರಜೆಯ ದಿನ ಬರುತ್ತಾನೆ. ಆಕೆಯ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು, ಬಳ್ಳಿಯ ಈ ತಿರುವು ಸರಿಯಿಲ್ಲ, ಆ ಎಲೆ ದಪ್ಪವಾಯಿತು ಎಂದು ತಪ್ಪು ಹುಡುಕುತ್ತಾನೆ. ಹಾಗಾದರೆ ನೀನೇ ಬರಿ ಎಂದು ಆಕೆ ಮೌಸನ್ನು ಅವನ ಕಡೆ ತಳ್ಳುತ್ತಾಳೆ. ಅವನು ಬಲಗೈಯಲ್ಲೇ ಹಿಡಿದು ಎಳೆಯುತ್ತಾನೆ. ಗೆರೆ ಹಾವಿನಂತೆ ಹೊರಳುತ್ತದೆ. ಕಳೆದ ವಾರ ಆಕೆ ಅಂಥ ಒಂದು ಗೆರೆಯನ್ನು ಅಳಿಸದೆ ಹಾಗೇ ಬಿಟ್ಟು, ಎರಡು ಎಲೆ ಸೇರಿಸಿ ಕಾರ್ಖಾನೆಗೆ ಕಳಿಸಿದಳು. ಅದು ಈಗ ಯಾವುದೋ ದಿಂಬಿನ ಅಂಚಿನಲ್ಲಿ ಹಬ್ಬಿಕೊಂಡಿದೆ.