ನಮ್ಮವರಿಗೆ ನಾನು ಹಾಕದ ಓಟು

ನಮ್ಮ ಯಜಮಾನರು ಎಷ್ಟು ಸಲ ಗೆದ್ದರು, ಯಾವ ಕೆರೆ ಕಟ್ಟಿಸಿದರು, ಯಾವ ಮಂತ್ರಿಯ ಮುಖಕ್ಕೆ ಹೊಡೆದಂತೆ ಮಾತಾಡಿದರು ಎಂದು ಬರೆಯುವವರು ಬೇಕಾದಷ್ಟು ಜನರಿದ್ದಾರೆ. ಬರೆದುಕೊಳ್ಳಲಿ. ತಲೆ ಬೆಳ್ಳಗಾಗುವವರೆಗೆ ಶಾಸಕರಾಗಿದ್ದ ಮನುಷ್ಯನ ಹೆಂಡತಿಯಾದ ನನಗೆ ಬರೆಯಬೇಕೆನಿಸುವುದು ಒಂದೇ ಸಂಗತಿ. ಅವರ ಮೊದಲ ಚುನಾವಣೆಯಲ್ಲಿ ಅವರಿಗೆ ನನ್ನ ಓಟು ಬೀಳಲಿಲ್ಲ.

ಆಗ ನಾವು ಮುಂಬಯಿ ರಾಜ್ಯದಲ್ಲಿದ್ದೆವು. ಜಮಖಂಡಿಯ ರಾಜರ ಆಳ್ವಿಕೆ ಮುಗಿದು ಬಹಳ ದಿನವಾಗಿರಲಿಲ್ಲ. ಕುರಿ, ಹೊಲ, ಬೀರೇಶ್ವರನ ಪೂಜೆ, ಇಷ್ಟೇ ನಮ್ಮ ಮನೆ. ಬದುವಿನ ಜಗಳ ಬಗೆಹರಿಸಿಕೊಂಡು ಇದ್ದ ಯಜಮಾನರನ್ನು ಊರವರು ಹಿಡಿದು ನಿಲ್ಲಿಸಿದರು. ಅವರಿಗೂ ಒಳಗೊಳಗೇ ಆಸೆಯಿತ್ತು, ಇಲ್ಲವೆಂದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಸೈಕಲ್ಲು ಹತ್ತಿ ಚಿಮ್ಮಡ ಸುತ್ತಿದರು. ಬನಹಟ್ಟಿಯ ನೇಕಾರರ ಓಣಿಯಲ್ಲಿ ಮಗ್ಗದ ಸದ್ದನ್ನೂ ಮೀರಿ ಕೂಗಿದರು. "ಅಕ್ಕದೇರ, ತಂಗಿದೇರ, ಓಟು ಹಾಕೂದು ಮರೀಬ್ಯಾಡ್ರಿ!" ಗಂಟಲು ಒಡೆದುಕೊಂಡು ಬಂದವರಿಗೆ ರಾತ್ರಿ ನಾನು ಬಿಸಿನೀರು ಕಾಸಿ ಕೊಡುತ್ತಿದ್ದೆ.

ಓಟಿನ ದಿನ ಮದುವೆಯ ಇಳಕಲ್ಲ ಸೀರೆ ಉಟ್ಟು, ಓಣಿಯ ಹೆಂಗಸರೊಡನೆ ಗಾಡಿಯಲ್ಲಿ ಸಾಲೆಗೆ ಹೋದೆ. ಅಧಿಕಾರಿ ಮತದಾರರ ಯಾದಿಯ ಹಾಳೆ ತಿರುವಿದ, ಮತ್ತೆ ತಿರುವಿದ. "ನಿಮ್ಮ ಹೆಸರ ಇಲ್ರಿ, ತಾಯಿ" ಎಂದ. ಹಿಂದೆ ನಿಂತಿದ್ದ ಒಬ್ಬಾಕೆ, "ಗಂಡ ಇಲೆಕ್ಷನ್‌ಗೆ ನಿಂತಾನ, ಹೇಣ್ತಿ ಬಾಗಲದಾಗ ನಿಂತಾಳ" ಎಂದು ನಕ್ಕಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ತಪ್ಪು ನಮ್ಮದೇ. ಯಾದಿ ಮಾಡುವಾಗ ಸಾಲಿ ಮಾಸ್ತರರು ಮನೆಗೆ ಬಂದು ನನ್ನ ಹೆಸರನ್ನೂ ಗಂಡನ ಹೆಸರನ್ನೂ ಕೇಳಿದ್ದರು. ಯಜಮಾನರು ಹೊಲಕ್ಕೆ ಹೋಗಿದ್ದರು. ಗಂಡನ ಹೆಸರು ಬಾಯಿಬಿಟ್ಟು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಕೇಳಿ ಬೆಳೆದವಳು ನಾನು. ಮದುವೆ ಮನೆಯಲ್ಲಾದರೆ ಒಡಪಿನ ಪದ್ಯ ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳಬಹುದು. ಕಾಗದ ಹಿಡಿದು ನಿಂತ ಮಾಸ್ತರರಿಗೆ ಒಡಪು ಹೇಳಲಾದೀತೇ? "ಈ ಮನಿ ಸೊಸಿ ಅಂತ ಬರ್ಕೋರಿ" ಎಂದು ಅತ್ತೆಯೇ ಹೇಳಿ ಕಳಿಸಿದರು. ಹಾಗೆ ಸ್ವಂತ ಹೆಸರಿಲ್ಲದೆ ಬರೆಸಿದ ಹೆಂಗಸರನ್ನೆಲ್ಲ ಆಮೇಲೆ ಯಾದಿಯಿಂದ ತೆಗೆದುಹಾಕಿದರಂತೆ. ನಮಗೇನು ಗೊತ್ತು?

ಅವರು ಗೆದ್ದರು. ಗುಲಾಲು ಮೆತ್ತಿದ ಮುಖದಲ್ಲೇ ಒಳಗೆ ಬಂದು, "ನಿನ್ನ ಓಟು ಬೀಳಲಿಲ್ಲಂತ?" ಎಂದರು.

"ನಿಮಗ ಊರ ಮಂದಿ ಓಟು ಬೇಕಿತ್ರಿ. ಮನ್ಯಾನ ಓಟು ಅದಾವೋ ಇಲ್ಲೋ ಯಾವಾಗ ನೋಡೀರಿ?" ಎಂದೆ. ಆ ರಾತ್ರಿ ಅವರು ಸರಿಯಾಗಿ ಊಟ ಮಾಡಲಿಲ್ಲ. ನಾನು ಬಡಿಸಿದ್ದೂ ಸಿಟ್ಟಿನಿಂದಲೇ.

ಆಮೇಲೆ ಅವರು ಊರಿನವರಾದರು. ನಸುಕಿಗೇ ಕಟ್ಟೆಯ ಮೇಲೆ ಜನ. ಬೀಳಗಿಯಿಂದ ಒಬ್ಬ, ಗಲಗಲಿಯಿಂದ ಹೊಳೆದಂಡೆ ಹಿಡಿದು ಬಂದ ಇನ್ನೊಬ್ಬ, ನೂಲು ಸಿಗುತ್ತಿಲ್ಲವೆನ್ನುವ ನೇಕಾರರು. ಯಾರಿಗಾದರೂ ಮಾತು ಕೊಟ್ಟರೆ ರುಮಾಲಿನ ತುದಿಗೆ ಒಂದು ಗಂಟು ಹಾಕಿಕೊಳ್ಳುತ್ತಿದ್ದರು. ಕೆಲಸವಾದ ಮೇಲೆಯೇ ಬಿಚ್ಚುವುದು. ಒಗೆಯಲು ತೆಗೆದುಕೊಂಡರೆ ರುಮಾಲಿಗಿಂತ ಗಂಟುಗಳೇ ಹೆಚ್ಚು. ಅಧಿವೇಶನಕ್ಕೆ ಹೊರಟರೆ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕಟ್ಟಿಕೊಡುತ್ತಿದ್ದೆ. ಹೆಗಲಿಗೆ ಕಂಬಳಿ ಹಾಕಿಕೊಂಡು ಕುಡಚಿಯಲ್ಲಿ ರೈಲು ಹತ್ತುತ್ತಿದ್ದರು. ಮುಂಬಯಿಯಲ್ಲಿ ಮರಾಠಿ ಬಲ್ಲವರಾದರೂ ಕನ್ನಡದಲ್ಲೇ ಮಾತಾಡಿದರಂತೆ. "ತಿಳೀತೇನ್ರಿ ಅಲ್ಲಿದ್ದವರಿಗೆ?" ಎಂದು ಕೇಳಿದರೆ, "ಸಿಟ್ಟು ತಿಳೀತು" ಎಂದರು. ಅಂಥವರ ಮೇಲೆ ನಾನೆಷ್ಟು ದಿನ ಸಿಟ್ಟು ಹಿಡಿಯಲಿ? ಆದರೂ ಓಟಿನ ಮುಳ್ಳು ಎದೆಯಲ್ಲಿ ಉಳಿದೇ ಇತ್ತು.

ಒಂದೆರಡು ವರ್ಷದ ಮೇಲೆ ಅದೇ ಮಾಸ್ತರರು ಯಾದಿ ತಿದ್ದಲು ಬಂದರು. ಈ ಸಲ ಯಜಮಾನರು ಮನೆಯಲ್ಲಿದ್ದರು. ಕಟ್ಟೆಯ ಜನರನ್ನು ಕೂರಿಸಿ ಒಳಗೆ ಬಂದು, "ಹೊರಗ ಬಾ. ನೀನ ಹೇಳು" ಎಂದು ನನ್ನನ್ನು ಕರೆದರು.

"ಗಂಡನ ಹೆಸರ್ರಿ?" ಎಂದರು ಮಾಸ್ತರರು.

ನಾನು ಸೆರಗು ಎಳೆದುಕೊಂಡು ನಿಂತೆ. ಅವರು ಮೆಲ್ಲಗೆ, "ಹೇಳು, ನನಗೇನೂ ಆಗೂದಿಲ್ಲ" ಎಂದರು. ಹೇಳಿಬಿಟ್ಟೆ. ಒಡಪಿಲ್ಲದೆ, ಬರೀ ಹೆಸರು.

"ನಿಮ್ಮ ಹೆಸರ್ರಿ?"

ಇದಕ್ಕೆ ತಡವರಿಸಿದೆ. ನನ್ನ ತವರಿನ ಹೆಸರೂ ನಮ್ಮ ಅತ್ತೆಯ ಹೆಸರೂ ಒಂದೇ. ಸೊಸೆಯನ್ನು ಬೈಯಬೇಕಾದರೆ ಅತ್ತೆಯ ಹೆಸರನ್ನೇ ಕೂಗಬೇಕಾಗುತ್ತದಲ್ಲ, ಅದಕ್ಕೆ ಮದುವೆಯಲ್ಲಿ ನನಗೆ ಬೇರೆ ಹೆಸರಿಟ್ಟಿದ್ದರು. ಅದನ್ನಾದರೂ ಯಾರು ಕರೆಯುತ್ತಿದ್ದರು? ಅತ್ತೆಗೆ ನಾನು ಸೊಸಿ, ಅವರಿಗೆ "ಏ, ಇಲ್ಲೆ ಕೇಳು". ಅವ್ವ ತೀರಿಹೋದ ಮೇಲೆ ನನ್ನ ಹೆಸರು ಯಾರ ಬಾಯಲ್ಲೂ ಉಳಿದಿರಲಿಲ್ಲ.

ಯಜಮಾನರು ಅತ್ತೆಯ ಎದುರಿಗೇ ಆ ತವರಿನ ಹೆಸರು ಹೇಳಿದರು. "ಅದನ್ನ ಬರ್ಕೋರಿ, ಮಾಸ್ತರ. ಅವರವ್ವ ಇಟ್ಟದ್ದು."

ಮಾಸ್ತರರು ಹೋದ ಮೇಲೆ, "ನಿಮಗ ಹೆಂಗ ಗೊತ್ರಿ?" ಎಂದು ಕೇಳಿದೆ.

"ಮದಿವ್ಯಾಗ ನಿನ್ನ ಗಾಡಿ ಹತ್ತಿಸುವಾಗ ನಿಮ್ಮವ್ವ ಆ ಹೆಸರ ಹಿಡದು ಕರಕೋತ ಹಿಂದ ಓಡಿ ಬಂದಿದ್ರಲ್ಲ" ಎಂದು ಹೇಳಿ, ಕಟ್ಟೆಯ ಜನರ ಕಡೆಗೆ ಹೊರಟುಹೋದರು.

ಮುಂದಿನ ಚುನಾವಣೆಯ ಹೊತ್ತಿಗೆ ನಾವು ಮೈಸೂರು ರಾಜ್ಯಕ್ಕೆ ಸೇರಿದ್ದೆವು. ಸಾಲಿನಲ್ಲಿ ಮೊದಲು ನಿಂತವಳು ನಾನೇ. ಆಮೇಲೆ ಅವರು ಎಷ್ಟೋ ಸಲ ನಿಂತರು, ಒಮ್ಮೆ ಸೋತರು, ಮತ್ತೆ ಗೆದ್ದರು. ಮನೆಯಲ್ಲಿ ಮಾತ್ರ ಕೊನೆಯವರೆಗೂ ನಾನು "ಏ, ಇಲ್ಲೆ ಕೇಳು" ಆಗಿಯೇ ಉಳಿದೆ. ಈಗ ಅವರಿಲ್ಲ. ಯಾರು ನಿಂತರೂ ನನಗೇನೂ ಆಗಬೇಕಾದದ್ದಿಲ್ಲ. ಆದರೂ ಮೊಮ್ಮಗಳ ಕೈ ಹಿಡಿದು ಬೂತಿಗೆ ಹೋಗುತ್ತೇನೆ. ಅಲ್ಲಿ ಅಪರಿಚಿತ ಅಧಿಕಾರಿಯೊಬ್ಬ ಎಲ್ಲರಿಗೂ ಕೇಳುವಂತೆ ನನ್ನ ಅವ್ವ ಇಟ್ಟ ಹೆಸರನ್ನು ಕೂಗುತ್ತಾನೆ.