ಕೆಸುವಿನ ಸೊಪ್ಪು ಕೊಟ್ಟ ವಾರ

ವಸ್ತಾರೆ ಹತ್ತಿರದ ನಮ್ಮ ತೋಟದಲ್ಲಿ ಸಾವಯವ ತರಕಾರಿ ಬೆಳೆದು, ಬೆಳೆಗೆ ಮೊದಲೇ ದುಡ್ಡು ಕೊಟ್ಟು ಪಾಲು ಹಾಕಿಕೊಂಡಿದ್ದ ಚಿಕ್ಕಮಗಳೂರಿನ ಕೆಲವು ಮನೆಗಳಿಗೆ ವಾರವಾರ ಬುಟ್ಟಿ ತಲುಪಿಸುತ್ತಿದ್ದೆವು. ಒಂದು ಮಳೆಗಾಲ ಬೀನ್ಸೆಲ್ಲ ಕೊಳೆತುಹೋದಾಗ ಅಮ್ಮ ಬುಟ್ಟಿಗಳಿಗೆ ಕೆಸುವಿನ ಸೊಪ್ಪು ತುಂಬಿದಳು.

“ಬೇಲಿ ಬದಿ ಸೊಪ್ಪು ಕೊಟ್ಟರೆ ಜನ ಏನಂದ್ಕೊಳ್ತಾರೆ?” ಎಂದು ಸಂಕೋಚಪಟ್ಟು ಅಪ್ಪ ಜೀಪಿನಲ್ಲೇ ಕೂತರು. ಬುಟ್ಟಿ ಹಿಡಿದು ನಾನು ಇಳಿದೆ.

ಬಯಲುಸೀಮೆಯಿಂದ ಬಂದಿದ್ದ ಮೆಕ್ಯಾನಿಕ್ ಒಬ್ಬರ ಹೆಂಡತಿ ಎಲೆ ತಿರುಗಿಸಿ ನೋಡಿ, “ಇದು ಗಂಟಲು ತುರಿಸಲ್ವಾ?” ಎಂದರು. ನನಗೆ ಗೊತ್ತಿರಲಿಲ್ಲ.

ಅಪ್ಪ ಇಳಿದೇ ಬಂದರು. “ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿ, ಏನೂ ಆಗಲ್ಲ” ಎಂದು ಶುರುಮಾಡಿ, ಎಲೆಗೆ ಹಿಟ್ಟು ಸವರಿ ಪತ್ರೊಡೆ ಸುತ್ತುವವರೆಗೂ ಹೇಳಿದರು. ಒಲೆ ಮುಂದೆ ಅವರನ್ನು ನಾನು ಕಂಡಿದ್ದೇ ಇಲ್ಲ. ಅಮ್ಮ ಅಡುಗೆ ಮಾಡುವುದನ್ನು ಅವರು ಅಷ್ಟು ಗಮನವಿಟ್ಟು ನೋಡುತ್ತಿದ್ದರೆಂದು ಆವತ್ತು ತಿಳಿಯಿತು.

ಮುಂದಿನ ವಾರ ಆಕೆ ಆ ಸೊಪ್ಪನ್ನೇ ಕೇಳಿ ತೆಗೆದುಕೊಂಡರು.