ವಿಯರ್ಡ್ ಎಂಬ ಪದವೂ ಶೆಟಗೆವ್ವನ ದೀಪವೂ

ಇಂಥವನ್ನೆಲ್ಲ ನಾನು ಮೊದಲು ನಂಬುತ್ತಿರಲಿಲ್ಲ. ಕಮಲಾಪುರದ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತವಳು ನಾನು. ದೆವ್ವ, ದೃಷ್ಟಿ, ಹಣೆಬರಹ ಎಲ್ಲ ಅಂಜುಬುರುಕರ ಮಾತು ಎಂದುಕೊಂಡೇ ಬೆಳೆದೆ.

ಮಕ್ಕಳೇ, ಹೋದ ವಾರ ನಿಮ್ಮಲ್ಲಿ ದೊಡ್ಡವಳು ನನ್ನ ಯಾವುದೋ ಮಾತಿಗೆ, "ಅಜ್ಜಿ, ನೀ ಭಾಳ ವಿಯರ್ಡ್ ಇದ್ದಿ ನೋಡು" ಎಂದು ನಕ್ಕಳು. ಹಾಗಂದರೇನು ಎಂದು ಕೇಳಿದೆ. ವಿಚಿತ್ರ ಎಂದಳು. ಆಮೇಲೆ ಅವಳೇ ನಿಘಂಟು ತೆಗೆದು ಓದಿ ಹೇಳಿದಳು. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ವಿಚಿತ್ರ ಎಂಬ ಅರ್ಥವೇ ಇರಲಿಲ್ಲವಂತೆ. ವಿಧಿ ಎಂಬುದೇ ಅದರ ಅರ್ಥ. ಬೇರು ಹಿಡಿದು ಹೋದರೆ ತಿರುಗುವುದು, ಆಗುವುದು ಎಂಬ ಮಾತು ಸಿಗುತ್ತದಂತೆ. ಮನುಷ್ಯರ ಪಾಲಿಗೆ ಬರುವುದನ್ನು ಗೊತ್ತುಮಾಡುವ ಹೆಂಗಸರನ್ನು ಆ ಪದದಿಂದ ಕರೆಯುತ್ತಿದ್ದರಂತೆ. ಅವರಿಗೆ ಅಂಜುತ್ತ ಅಂಜುತ್ತ ಬಂದ ಜನರಲ್ಲಿ ವಿಧಿಯ ಅರ್ಥ ಸವೆದು, ವಿಚಿತ್ರ ಎಂಬುದಷ್ಟೇ ಉಳಿಯಿತು.

ಅವಳು ಓದಿ ಮುಗಿಸಿ ಆಡಲು ಹೋದಳು. ನನಗೆ ಮಾತ್ರ ಕೈಯಲ್ಲಿದ್ದ ಸೊಪ್ಪು ಸೋಸಲಾಗಲಿಲ್ಲ. ಎದುರು ಕೂತು ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಮಾತು. ನಿಮ್ಮ ಅಜ್ಜ ಕಲಬುರಗಿಯ ಕಪನೂರಿನ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷಿನ್ ನಡೆಸುತ್ತಿದ್ದರು. ನಾವು ಕೋಟನೂರದಲ್ಲಿ ಬಾಡಿಗೆಗಿದ್ದೆವು. ಹೆರಿಗೆಗೆಂದು ಕಮಲಾಪುರದ ತವರಿಗೆ ಬಂದೆ. ಹುಟ್ಟಿದವಳು ನಿಮ್ಮ ಅವ್ವ. ಕೂಸು ಮೊಲೆ ಹಿಡಿಯಲಿಲ್ಲ, ಗಟ್ಟಿಯಾಗಿ ಅಳಲೂ ಇಲ್ಲ. ಅರಳೆ ಅದ್ದಿ ತುಟಿಗೆ ಹಾಲು ಹಿಂಡುತ್ತಿದ್ದೆವು. ಡಾಕ್ಟರರು ನೋಡಿ, ಜೀವದಲ್ಲಿ ಕಸುವಿಲ್ಲ, ಉಳಿದರೆ ನಿಮ್ಮ ಪುಣ್ಯ ಎಂದು ಹೋಗಿದ್ದರು.

ಐದನೆಯ ದಿನದ ಸಂಜೆ ಶೆಟಗೆವ್ವ ಎಂಬ ದೇವಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಎಂಬುದು ನಮ್ಮ ಕಡೆಯ ನಂಬಿಕೆ. ಬೀಸುವ ಕಲ್ಲಿನ ಮುಂದೆ ಅವಳ ಹೆಸರಿನಲ್ಲಿ ದೀಪ ಹಚ್ಚುತ್ತಾರೆ. ಪೂಜೆಯಾದ ಮೇಲೆ ಸೂಲಗಿತ್ತಿ ಆ ದೀಪವನ್ನು ಸೆರಗಿನಲ್ಲಿ ಮುಚ್ಚಿಕೊಂಡು ತನ್ನ ಮನೆಗೆ ಒಯ್ಯುತ್ತಾಳೆ. ದಾರಿಯಲ್ಲಿ ಅದು ಯಾರ ಕಣ್ಣಿಗೂ ಬೀಳಬಾರದು. ಕಂಡವರ ಮೇಲೆ ಕೂಸಿನ ಕೇಡು ಹೋಗುತ್ತದೆ ಎಂದು ಓಣಿಯವರೆಲ್ಲ ಬಾಗಿಲು ಹಾಕಿಕೊಳ್ಳುತ್ತಾರೆ.

ಅಂದು ನಿಮ್ಮ ಅಜ್ಜ ಕಲಬುರಗಿಯಿಂದ ಬರುವವರಿದ್ದರು. ದೀಪ ಹೋಗುವವರೆಗೆ ಅವರನ್ನು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂರಿಸಿಕೊಳ್ಳಲು ನಮ್ಮ ಅಪ್ಪ ಹೋಗಿದ್ದ.

ಸೂಲಗಿತ್ತಿ ಗುರವ್ವ ಸೆರಗು ಸರಿಮಾಡಿಕೊಳ್ಳುತ್ತ, "ಅಳಿಯಪ್ಪಗ ಸರಿಯಾಗಿ ಹೇಳೀರಿಲ್ಲ? ಪ್ಯಾಟಿ ಮನಶ್ಯಾ, ಎದುರಿಗೇ ಬಂದು ನಿಂತಾನು" ಎಂದಳು.

"ನಿನ್ನ ಮಾರಿ ನೋಡಿದ್ರ ಅಂವಾ ತಿರುಗಿ ಬಸ್ ಹತ್ತತಾನ. ನೀ ನಡಿ" ಎಂದಳು ನಮ್ಮವ್ವ. ಇಬ್ಬರೂ ನಕ್ಕರು. ನನಗೂ ನಗು ಬಂತು.

ಗುರವ್ವ ಹೋದಳು, ಅವ್ವ ತಲೆಬಾಗಿಲು ಹಾಕಿ ಅಡುಗೆಮನೆ ಸೇರಿದಳು. ಕರೆಂಟು ಇರಲಿಲ್ಲ. ಒಳಕೋಣೆಯಲ್ಲಿ ನಾನು, ಕೂಸು ಇಬ್ಬರೇ. ಅಷ್ಟರಲ್ಲಿ ಕೋಣೆಯ ಬಾಗಿಲ ಸಂದಿಯಲ್ಲಿ ಹಳದಿ ಬೆಳಕು ಕಂಡಿತು. ಗುರವ್ವ ಏನೋ ಮರೆತು ಬಂದಿರಬೇಕು ಎಂದುಕೊಂಡೆ. ಸಂದಿಯಿಂದ ಬಂದ ತೆಳ್ಳನೆಯ ಗೆರೆಯೊಂದು ಕೂಸಿನ ಹಣೆಯ ಮೇಲೆ ಬಿತ್ತು. ಅದು ಎಡದಿಂದ ಬಲಕ್ಕೆ ನಿಧಾನವಾಗಿ ಸರಿಯಿತು, ನಡುವೆ ನಿಂತಿತು, ಮತ್ತೆ ಸರಿಯಿತು. ಕೂಸಿನ ಮೇಲೆ ಕೈ ಮುಚ್ಚಬೇಕೆಂದರೂ ಕೈ ಏಳಲಿಲ್ಲ. ಬೆಳಕು ಹೋಯಿತು. ಹೊರಗೆ ಪಡಸಾಲೆಯಲ್ಲಿ ಬೀಸುವ ಕಲ್ಲು ಗರ್ ಎಂದು ಒಮ್ಮೆ ತಿರುಗಿದ ಸಪ್ಪಳವಾಯಿತು. ಆಮೇಲೆ ಕೂಸು ಕಿರುಚಿ ಅತ್ತಿತು. ಎತ್ತಿಕೊಂಡರೆ ಮೊಲೆ ಹಿಡಿಯಿತು.

ಕಲ್ಲು ತಿರುಗಿಸಿದೆಯಾ ಎಂದರೆ ಅವ್ವ, "ರೊಟ್ಟಿ ಬಡೀಲಿಕತ್ತೀನಿ, ಕಲ್ಲ್ಯಾಕ ಮುಟ್ಟಲಿ?" ಎಂದಳು.

ಸ್ವಲ್ಪ ಹೊತ್ತಿಗೆ ನಿಮ್ಮ ಅಜ್ಜ ಒಬ್ಬರೇ ಬಂದರು. ಹಾಲು ಕುಡಿಯುವ ಮಗಳನ್ನು ಕಂಡು ಖುಷಿಯಾಗಿ, "ನಿಮ್ಮೂರ ಸೂಲಗಿತ್ತಿಗೆ ಭಾಳ ಉಸಾಬರಿ ನೋಡು" ಎಂದರು. "ದೀಪ ಹಿಡಕೊಂಡು ಎದುರಿಗೇ ಬಂದ್ಳು. ಯಾರ ಸಲುವಾಗಿ ಬಂದೀಯಪ್ಪಾ ಅಂದ್ಳು. ಮಗಳ ಸಲುವಾಗಿ ಅಂದೆ. ಆಯ್ತು ಹೋಗು ಅಂದ್ಳು."

"ದೀಪ ಮುಚ್ಚಿರಲಿಲ್ಲೇನ್ರೀ?"

"ಇಲ್ಲ. ಅದರ ಬೆಳಕಿಗೇ ದಾರಿ ಕಂಡ್ತು."

ಮರುದಿನ ಕೂಸಿಗೆ ಎಣ್ಣೆ ಹಚ್ಚಲು ಬಂದ ಗುರವ್ವನ ಜೊತೆ ಅವ್ವ ಜಗಳ ತೆಗೆದಳು. ಗುರವ್ವ ಎಣ್ಣೆಯ ಬಟ್ಟಲು ಕೆಳಗಿಟ್ಟಳು. "ಯವ್ವಾ, ನನ್ನ ದೀಪ ನಿಮ್ಮ ಹೊಸ್ತಿಲದಾಗೇ ಆರಿತು. ಅಪಶಕುನ ಅಂತ ಹೇಳಲಿಲ್ಲ. ಹಿತ್ತಲ ದಾರಿ ಹಿಡಿದು ಕತ್ತಲದಾಗೇ ಹೋಗೀನಿ. ಅಳಿಯಪ್ಪ ನನಗ ಭೆಟ್ಟೀನೇ ಆಗಿಲ್ಲ."

ಕೂಸು ಮೈತುಂಬಿಕೊಂಡಿತು. ಅದು ನಡೆಯಲು ಕಲಿಯುವ ಮೊದಲೇ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ನಿಮ್ಮ ಅಜ್ಜ ಏಳಲಿಲ್ಲ. ಒಂದು ದಿನವೂ ತಲೆನೋವು ಎಂದವರಲ್ಲ. ಹೃದಯ ನಿಂತಿತು ಎಂದರು ಡಾಕ್ಟರರು. ಮಣ್ಣು ಮಾಡಿ ಬಂದ ದಿನ ಅಪ್ಪ ನನಗೆ ಒಂದು ಮಾತು ಹೇಳಿದ. ಆ ಸಂಜೆ ನಿಮ್ಮ ಅಜ್ಜನನ್ನು ಹೋಟೆಲಿನಲ್ಲಿ ಕೂರಿಸಿಕೊಂಡು, ದೀಪ ಕಂಡವರಿಗೆ ಏನಾಗುತ್ತದೆ ಎಂದು ಬಿಡಿಸಿ ಹೇಳಿದ್ದನಂತೆ. ಇವರು ಎಲ್ಲ ಕೇಳಿಸಿಕೊಂಡು, ಚಹಾ ಮುಗಿಸಿ, ಅಪ್ಪ ಆಚೆ ತಿರುಗಿದಾಗ ಎದ್ದು ಹೋದರಂತೆ. ಕೂಸನ್ನು ನೋಡುವ ಅವಸರವೋ, ಬೇರೇನಾದರೂ ಇತ್ತೋ, ನಾನು ಅವರನ್ನು ಕೇಳಿರಲಿಲ್ಲ.

ಬೇರೆ ಯಾರದೋ ದೀಪವಿರಬಹುದು, ಇಲಿ ಕಲ್ಲನ್ನು ತಾಕಿರಬಹುದು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಅಷ್ಟು ಭಾರದ ಕಲ್ಲನ್ನು ಇಲಿ ತಿರುಗಿಸುವುದಿಲ್ಲ. ನಿಮ್ಮ ಅವ್ವನಿಗೆ ಇದನ್ನು ಇದುವರೆಗೆ ಹೇಳಿಲ್ಲ.

ನಿಮ್ಮಲ್ಲಿ ದೊಡ್ಡವಳು ಹುಟ್ಟಿದ್ದು ಕಲಬುರಗಿಯ ಸ್ಟೇಶನ್ ಬಜಾರದ ಹತ್ತಿರದ ಆಸ್ಪತ್ರೆಯಲ್ಲಿ. ಅಲ್ಲಿ ಸೂಲಗಿತ್ತಿಯಿಲ್ಲ, ದೀಪವಿಲ್ಲ. ಐದನೆಯ ಸಂಜೆ ಮನೆಗೆ ಹೋಗಿ ಮಲಗು ಎಂದು ಎಲ್ಲರೂ ಹೇಳಿದರು. ನಾನು ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ಹಾಕಿಕೊಂಡು ಕೂತೆ. ಕತ್ತಲಾಗುವ ಹೊತ್ತಿಗೆ ಬಾಗಿಲ ಕೆಳಗೆ ಹಳದಿ ಬೆಳಕು ಬಂದು ನಿಂತಿತು. ಎದ್ದು ಬಾಗಿಲು ತೆರೆದೆ. ಹೊರಗೆ ಟ್ಯೂಬ್‌ಲೈಟ್ ಬೆಳ್ಳಗೆ ಉರಿಯುತ್ತಿತ್ತು, ಯಾರೂ ಇರಲಿಲ್ಲ.

ಆದರೂ ಬಹಳ ಹೊತ್ತು ಅಲ್ಲೇ ನಿಂತಿದ್ದೆ. ಯಾರ ಸಲುವಾಗಿ ಬಂದೀ ಎಂದು ಕೇಳಿದರೆ ಏನು ಹೇಳಬೇಕೆಂದು ನನಗೆ ಗೊತ್ತಿತ್ತು.